ಆರೋಗ್ಯವಂತರ ಸಾಲಿನಲ್ಲಿ ಒಂದು ಚುಕ್ಕೆ

ಮಾರ್ಚ್ 3, ಬೆಳಿಗ್ಗೆ

ರಕ್ತದ ಟ್ಯೂಬುಗಳನ್ನು ಸೆಂಟ್ರಿಫ್ಯೂಜಿಗೆ ಹಾಕಿದೆ. ಅದು ತಿರುಗುವಷ್ಟು ಹೊತ್ತು ಕೂರಬಹುದು. ಕೂತೆ. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ. ಎರಡು ಮಾತ್ರೆ ನುಂಗಿದೆ. ಮುಟ್ಟಿನ ಎರಡನೇ ದಿನ ಯಾವಾಗಲೂ ಹೀಗೇ.

ನಮ್ಮ ಲ್ಯಾಬ್ ನಡೆಸುವ ಮೇಡಂ ಹೊರಟಿರುವುದು ದೊಡ್ಡ ಕೆಲಸಕ್ಕೇ. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೆಳೆಯುವ ರೋಗ, ಎಂಡೊಮೆಟ್ರಿಯೋಸಿಸ್. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರೇ ಖಚಿತ. ಅದರ ಬದಲು ಒಂದು ಟ್ಯೂಬ್ ರಕ್ತ, ಅದರಲ್ಲಿ ತೇಲುವ ಪುಟ್ಟ ಅಣುಗಳಾದ ಕೆಲವು ಮೈಕ್ರೋ ಆರ್‌ಎನ್‌ಎ ಅಳೆದರೆ ಸಾಕು ಅನ್ನುವುದು ಅವರ ವಾದ. ರೋಗಿಗಳು ಬೇಕಾದಷ್ಟು. ಹೋಲಿಸಿ ನೋಡಲು ಆರೋಗ್ಯವಂತರೇ ಸಿಗುತ್ತಿಲ್ಲ.

"ನೀನೇ ಕೊಡಮ್ಮ, ಗಟ್ಟಿಮುಟ್ಟಾಗಿದ್ದೀಯ," ಅಂದರು. ಕೈ ಚಾಚಿದೆ. ಫಾರ್ಮಿನಲ್ಲಿ ಪ್ರಶ್ನೆ: ಮುಟ್ಟಿನಲ್ಲಿ ಅಸಹಜ ನೋವಿದೆಯೇ? ಇಲ್ಲ ಅಂತ ಗುರುತು ಹಾಕಿದೆ. ತಿಂಗಳು ತಿಂಗಳೂ ಅಮ್ಮ ಚಾಪೆ ಹಿಡಿಯುವುದನ್ನು ನೋಡಿಯೇ ಬೆಳೆದವಳು. ನಮ್ಮ ಮನೆಯಲ್ಲಿ ಅದೇ ಸಹಜ.

ಏಪ್ರಿಲ್ 19

ಗ್ರಾಫ್ ಬಂತು. ಆರೋಗ್ಯವಂತರ ಚುಕ್ಕೆಗಳೆಲ್ಲ ಕೆಳಗೆ. ಒಂದು ಮಾತ್ರ ಮೇಲೆ ಹೋಗಿ ರೋಗಿಗಳ ನಡುವೆ ಕೂತಿದೆ.

"ಟ್ಯೂಬ್ ಅದಲುಬದಲು ಮಾಡಿದ್ದೀಯ. ಎಲ್ಲಿತ್ತು ಜ್ಞಾನ?" ಎಲ್ಲರೆದುರೇ ಮೇಡಂ ಅಂದರು. "ಜೂನ್‌ಗೆ ನಿನ್ನ ಕಾಂಟ್ರ್ಯಾಕ್ಟ್ ಮುಗಿಯತ್ತೆ, ನೆನಪಿದೆ ತಾನೆ?"

ನೆನಪಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಟ್ಯೂಬ್ ಬದಲಿಸಿಲ್ಲ.

ಏಪ್ರಿಲ್ 20

ಆ ಚುಕ್ಕೆಯ ಟ್ಯೂಬ್ ನಂಬರು ಯಾರದೆಂದು ಹುಡುಕಿದೆ. ನನ್ನದೇ.

ಎತ್ತೂ ನಾನೇ, ಎಮ್ಮೆಯೂ ನಾನೇ.

ಏಪ್ರಿಲ್ 27

ಅದು ನನ್ನ ರಕ್ತ, ಬೇಕಾದರೆ ಮತ್ತೆ ತೆಗೆಯಿರಿ ಅಂದಿದ್ದೆ. ಮೇಡಂ ಕಣ್ಣೆದುರೇ ತೆಗೆದದ್ದು. ಇವತ್ತು ಫಲಿತಾಂಶ... ಮತ್ತೆ ಮೇಲೆ.

ಮೇಡಂಗೆ ಖುಷಿಯೋ ಖುಷಿ. "ನೋಡು, ಯಾರಿಗೂ ಗೊತ್ತಿಲ್ಲದ್ದನ್ನ ನಮ್ಮ ಟೆಸ್ಟ್ ಹಿಡೀತು." ಆಮೇಲೆ ಮುಖ ಸಪ್ಪೆ. "ಆದ್ರೆ ನಿನ್ನ ಎಲ್ಲಿಡೋದು? ಆರೋಗ್ಯವಂತರ ಸಾಲಲ್ಲಿ ಇಡೋಕಾಗಲ್ಲ. ಕ್ಯಾಮೆರಾ ಹಾಕಿ ನೋಡಿಲ್ಲ, ರೋಗಿಗಳ ಸಾಲಿಗೂ ಸೇರಿಸೋಕಾಗಲ್ಲ. ತೆಗೆದುಬಿಡೋಣ."

ಗುಂಡಿ ಒತ್ತಿದರು. ಚುಕ್ಕೆ ಹೋಯಿತು. ನೋವಿದೆಯಾ ಅಂತ ಕೇಳಲಿಲ್ಲ. ಬೈದದ್ದರ ಬಗ್ಗೆಯೂ ಮಾತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

ಮೇ 2

ಅಮ್ಮನಿಗೆ ಹೇಳಿದೆ. ಕ್ಯಾಮೆರಾ ಹಾಕಿಸಿ ನೋಡಿಸುತ್ತೇನೆ ಅಂದೆ.

"ಮದುವೆ ಆಗದ ಹುಡುಗಿ ಹೊಟ್ಟೆ ಕುಯ್ಸ್ಕೊಳ್ತೀಯಾ? ನಂಗೂ ಹಾಗೇ ಆಗ್ತಿತ್ತು. ಸತ್ತುಹೋದ್ನಾ?"

ಸಾಯಲಿಲ್ಲ, ನಿಜ. ಆದರೂ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿದೆ.

ಜೂನ್ 11

ಇವತ್ತು ಕೂತು ಬರೆಯುವಷ್ಟಾಗಿದೆ. ಹೊಕ್ಕುಳ ಕೆಳಗೆ ಹೊಲಿಗೆ, ಕೆಮ್ಮಿದರೆ ಜೀವ ಹೋಗುತ್ತದೆ.

ರೋಗ ಇತ್ತು. ಎಡ ಅಂಡಾಶಯ ಕರುಳಿಗೆ ಅಂಟಿಕೊಂಡಿತ್ತಂತೆ. ಉಳಿಸಲಾಗಲಿಲ್ಲ. ಹತ್ತು ವರ್ಷ ಮೊದಲೇ ಬರಬೇಕಿತ್ತು ಅಂದರು ಸರ್ಜನ್. ಬಂದಿದ್ದೆ, ಬೇರೆ ಡಾಕ್ಟರ ಹತ್ತಿರ. ಎಲ್ಲರಿಗೂ ಇರೋದೇ, ಮದುವೆಯಾದರೆ ಸರಿಹೋಗತ್ತೆ ಅಂದು ಕಳಿಸಿದ್ದರು.

ಮೇಡಂ ಮೆಸೇಜ್: ಕಾಂಟ್ರ್ಯಾಕ್ಟ್ ಮುಂದುವರಿದಿದೆ. ಈಗ ಪ್ರೂಫ್ ಸಿಕ್ಕಿತಲ್ಲ, ನಿನ್ನನ್ನು ರೋಗಿಗಳ ಸಾಲಿಗೆ ಸೇರಿಸಬಹುದು. ಕೊನೆಗೊಂದು ಎತ್ತಿದ ಹೆಬ್ಬೆರಳು.

ಜೂನ್ 30

ಕೆಲಸಕ್ಕೆ ಹೋಗಿ ಬಂದೆ. ಅಮ್ಮ ನನ್ನ ರಿಪೋರ್ಟು ಹಿಡಿದು ಕೂತಿದ್ದಳು. ಬಿಟ್ಟೂ ಬಿಡದೆ ತಿರುವಿಹಾಕುತ್ತಿದ್ದಳು.

"ನನ್ನ ರಕ್ತನೂ ತೆಗೆದು ನೋಡ್ತೀಯಾ?"

ನೀನು ಗರ್ಭಕೋಶ ತೆಗೆಸಿ ಎಷ್ಟೋ ವರ್ಷವಾಯಿತು, ಈಗ ರಕ್ತದಲ್ಲಿ ಏನೂ ಸಿಗಲ್ಲಮ್ಮ ಅಂದೆ.

"ನೋವು ಅಂದ್ರೆ ನಾಟಕ ಆಡ್ತೀಯ ಅಂತಿದ್ರು ನಿಮ್ಮಪ್ಪ. ಸಾಯೋವರೆಗೂ ಅಂತಿದ್ರು. ಚೂರಾದ್ರೂ ಸಿಗತ್ತೇನೋ ನೋಡು."

ಸಿಗಲ್ಲ ಅಂತ ಮತ್ತೆ ಹೇಳಿದೆ. ರವಿಕೆಯ ತೋಳು ಮೇಲೆ ಸರಿಸಿ ಕೈ ಚಾಚಿಯೇ ಇದ್ದಳು. ಬ್ಯಾಗಿನಲ್ಲಿದ್ದ ಲ್ಯಾಬಿನ ಸೂಜಿ, ಟ್ಯೂಬ್ ತೆಗೆದು ರಬ್ಬರ್ ಪಟ್ಟಿ ಕಟ್ಟಿದೆ. ಸಣ್ಣ ನರ, ಎರಡನೇ ಸಲಕ್ಕೆ ಸಿಕ್ಕಿತು. ಅಮ್ಮ ಸೂಜಿಯನ್ನೇ ನೋಡುತ್ತಿದ್ದಳು, ಮುಖ ತಿರುಗಿಸಲಿಲ್ಲ.

ಟ್ಯೂಬಿನ ಮೇಲೆ ಹೆಸರು ಬರೆದೆ. ವಯಸ್ಸು ಬರೆದೆ. ಕೆಳಗೆ ರೋಗಿಯೋ ಆರೋಗ್ಯವಂತೆಯೋ ಅಂತ ಬರೆಯುವ ಜಾಗ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. "ಏನ್ ಬರೀತೀಯ?" ಅಂದಳು. ರೋಗಿ ಅಂತ ಬರೆದು ಟ್ಯೂಬನ್ನು ಅವಳ ಕೈಗಿಟ್ಟೆ.