ಶುಕ್ರನ ಗುಡ್ಡಕ್ಕೆ ಅಜ್ಜಿಯ ಹೆಸರು

ಹಿಂದೂಪುರ,
೧–೨–೨೦೨೬, ಭಾನುವಾರ

ಮುದ್ದು ಸ್ಪಂದನಾ,

ಅದಲ್ಲ ಕಣಮ್ಮ, ನೆನ್ನೆ ಫೋನಿನಲ್ಲಿ ನಾನು ಹೇಳಹೊರಟಿದ್ದೇ ಬೇರೆ. ಅಷ್ಟರಲ್ಲಿ ನಿನ್ನ ಕಲ್ಯಾಣದುರ್ಗದ ತಾತ ರುದ್ರಮುನಿಯವರು ನಡುವೆ ಬಾಯಿ ಹಾಕಿದರು. ಅವರ ಕಿವಿಗೆ ಬೀಳದಿರಲಿ ಎಂದೇ ಈ ಕಾಗದ. ಕೆಮ್ಮು ಹೇಗಿದೆ? ಬಿಸಿನೀರನ್ನೇ ಕುಡಿ. ನನ್ನ ಮೊಣಕಾಲು ಎಂದಿನಂತಿದೆ. ನಿಮ್ಮಮ್ಮ ಕೇಳಿದರೆ ವಾಸಿ ಎನ್ನು.

ನಿಮ್ಮಮ್ಮನಿಗೆ ಅಲ್ಲಿಗೆ ವರ್ಗವಾಗಿ ನೀವೆಲ್ಲ ಅವಳ ತವರು ಸೇರಿದ ಮೇಲೆ ನಿನ್ನ ಆಟಪಾಠವೆಲ್ಲ ಅವರ ಜಗುಲಿಯಲ್ಲೇ. ಶಾಲೆಯ ಪ್ರದರ್ಶನಕ್ಕೆ ಶುಕ್ರಗ್ರಹದ ನೆಲ ಮಾಡುತ್ತಿದ್ದೀಯ, ಸಂತೋಷ. ಒಳಗಿನ ಬಿಸಿ ಒತ್ತಿ ನೆಲ ಉಬ್ಬುವುದು, ಆಮೇಲೆ ನಡುವೆ ಕುಸಿದು ಸುತ್ತ ಬಳೆಯಂತೆ ಬಿರುಕು ಉಳಿಯುವುದು, ಅದಕ್ಕೆ ಕೊರೋನಾ ಎಂದು ಹೆಸರು. ಕಾಯಿಲೆಯಲ್ಲ, ಕ್ರೌನ್, ಕಿರೀಟ. ಅಷ್ಟು ಇಂಗ್ಲಿಷು ಕಾಲೇಜಿನಿಂದ ನನಗೂ ಉಳಿದಿದೆ. ರುದ್ರಮುನಿಯವರು ಅದನ್ನು ನೋಡಿ "ನಮ್ಮನೆ ಜೋಳದ ರೊಟ್ಟಿ ಇದ್ದಂಗೈತೆ ಕಣಮ್ಮ" ಎಂದರಂತೆ. ಜೋಳದ ರೊಟ್ಟಿಯೇ? ನಿನ್ನ ಅಜ್ಜಿ ಹಂಪಮ್ಮನ ರಾಗಿ ರೊಟ್ಟಿ ಹಂಚಿನ ಮೇಲೆ ಉಬ್ಬಿ, ಇಳಿಸಿದೊಡನೆ ನಡುವೆ ತಗ್ಗಿ, ಅಂಚೆಲ್ಲ ಬಿರಿಯುತ್ತಿತ್ತು. ಐ ಆ್ಯಮ್ ನಾಟ್ ಜೆಲಸ್, ಓನ್ಲಿ ಫ್ಯಾಕ್ಟ್.

ಶುಕ್ರನ ಮೇಲಿನ ಹೆಸರುಗಳು ಬಹುಪಾಲು ಹೆಂಗಸರವೇ ಎಂದು ಓದಿ ಹೇಳಿದವಳು ನೀನು. ಸರಿ, ಕಿರೀಟಕ್ಕೆ ಯಾರ ಹೆಸರು ಬರೆದೆ? ಕಲ್ಯಾಣದುರ್ಗದ ಅಜ್ಜಿ ಬನಶಂಕರಮ್ಮನವರದು! ನಿನ್ನ ಕಾಗದದ ಗುಡ್ಡವನ್ನು ಹಿಡಿದು ನಿಲ್ಲಿಸಿರುವುದು ನಾನು ಕಳಿಸಿದ ಹುಣಸೆಬೀಜದ ಅಂಟು. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಟಾಗದಂತೆ ಕುದಿಸುವ ಹದ ಹಂಪಮ್ಮನದು. ನನ್ನ ಹುಣಸೆ ವ್ಯಾಪಾರದ ದಿನಗಳಲ್ಲಿ "ಬೀಜ ಬಿಸಾಕ್ಬುಟ್ರಾ? ಹೋಗಿ ಆಯ್ಕೊಂಡ್ ಬನ್ನಿ" ಎಂದು ಅಟ್ಟುತ್ತಿದ್ದಳು. ಅಂಟು ನಮ್ಮದು, ಹೆಸರು ಅವರದು!

ಬದುಕಿರುವವರ ಹೆಸರನ್ನು ಅಲ್ಲಿ ಇಡುವಂತಿಲ್ಲ ಎಂಬ ರೂಲ್ ಹೇಳಿದವಳೂ ನೀನೇ. ಬನಶಂಕರಮ್ಮನವರು ಗಟ್ಟಿಮುಟ್ಟಾಗಿದ್ದಾರೆ. ನೆನ್ನೆ ಫೋನಿನಲ್ಲೇ ಕೇಳಿಸಿತು, "ಎದ್ದು ಬತ್ತೀರೋ, ತಟ್ಟೆ ತೆಗೀಲೋ?" ರುದ್ರಮುನಿಯವರು ನಗುತ್ತಾ ಎದ್ದರು. ಅವರ ಗುಡ್ಡ, ರೊಟ್ಟಿ ಎಲ್ಲಕ್ಕಿಂತ ಆ ಗದರಿಕೆಗೇ ನನಗೆ ಹೊಟ್ಟೆ ಉರಿದದ್ದು. ರೂಲ್ ಪ್ರಕಾರ ಅರ್ಹತೆ ಇರುವುದು ನಮ್ಮವಳಿಗೇ. ಎಂಥ ಅರ್ಹತೆ ನೋಡು.

ಬೆಳಕು ಹೋಗುತ್ತಿದೆ, ಬರೆದ ಸಾಲೇ ಕಾಣುತ್ತಿಲ್ಲ. ಲೈಟು ಹಾಕಲು ಮೊಣಕಾಲು ಒಪ್ಪುತ್ತಿಲ್ಲ. ಮನೆಯವರೆಲ್ಲರಿಗೂ ಶರಣು, ರುದ್ರಮುನಿಯವರಿಗೂ ಹೇಳು. ನೀನು ಚೆನ್ನಾಗಿ ಓದಿ ಬಾಳು ತಾಯಿ.

ನಿನ್ನ ಹಿಂದೂಪುರದ ತಾತ,
ಜಯಣ್ಣ

ಮರೆತೆ: ಬನಶಂಕರಮ್ಮನವರ ಹೆಸರು ಅಳಿಸಬೇಡ. ಆ ರೂಲನ್ನು ಅವರ ಮುಂದೆ ಎತ್ತಲೂ ಬೇಡ; ನೂರು ಕಾಲ ಗದರಿಸಿಕೊಂಡಿರಲಿ. ಪಕ್ಕದಲ್ಲೇ ಚಿಕ್ಕದೊಂದು ಕಿರೀಟ ಮಾಡಿ ಹಂಪಮ್ಮ ಎಂದು ಬರೆ. ಅಗಲ ಎಷ್ಟಾದರೂ ಇರಲಿ, ಎತ್ತರ ಮಾತ್ರ ಅವರದಕ್ಕಿಂತ ಒಂದು ಬೆರಳು ಜಾಸ್ತಿ ಮಾಡು.