ಹಡಗಿಗೆ ಬರೆದ ಇಪ್ಪತ್ತೆಂಟು ಕಾಗದ

ಮನೆ, ಅಡುಗೆಮನೆಯ ಮೇಜು
ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪಾ? ಬೆನ್ನುನೋವು ಹೇಗಿದೆ? ಹೋದ ಸಲ ಜೈಲಿನ ಆ ಜಾಲರಿಯ ಆಚೆ ನೀನು ಒಂದು ಮಗ್ಗುಲಿಗೆ ವಾಲಿಕೊಂಡು ಕೂತಿದ್ದೆ. ಕೇಳಿದರೆ ಏನೂ ಇಲ್ಲ ಎಂದೆ. ನಲವತ್ತು ವರ್ಷ ಜನರ ಕುತ್ತಿಗೆ ನೋಡಿಯೇ ಅನ್ನ ತಿಂದವನು ನಾನು, ಯಾರ ಬೆನ್ನು ಎಲ್ಲಿ ಹಿಡಿದುಕೊಂಡಿದೆ ಎಂಬುದು ನನಗೆ ಗೊತ್ತಾಗುವುದಿಲ್ಲವೇ? ನಾಚಿಕೆ ಬಿಟ್ಟು ಅಲ್ಲಿಯ ಡಾಕ್ಟರಿಗೆ ತೋರಿಸು. ಇನ್ನು ನಿನ್ನ ಆ ಗಡ್ಡ. ಅದನ್ನು ನೋಡಿ ಬಂದಾಗಿನಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಕ್ಷೌರಿಕನ ಮಗನೇ ಮುಖದ ಮೇಲೆ ಪೊದೆ ಬೆಳೆಸಿಕೊಂಡು ಕೂತರೆ ಬೇರೆಯವರು ನನ್ನ ಅಂಗಡಿಗೆ ಯಾಕೆ ಬರಬೇಕು? ಬೇಜಾರಿಗೆ ಬೆಳೆಸಿದ್ದೀಯ ಎಂದು ಗೊತ್ತು. ಆದರೂ ಹೇಳುವುದನ್ನು ಹೇಳಿದ್ದೇನೆ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊನೆಗೂ ಹಗಲು ಪಾಳಿ ಕೊಟ್ಟಿದ್ದಾರೆ. ಈಗ ಸಂಜೆ ಐದೂವರೆಗೆ ಮನೆಗೆ ಬರುತ್ತಾಳೆ, ಬಂದವಳ ಮೈಯಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತದೆ. ನಿನ್ನ ಲಾರಿ ತಗುಲಿ ಕಾಲು ಮುರಿದುಕೊಂಡನಲ್ಲ ಆ ಸೈಕಲ್ಲಿನವನು, ಅವನು ಊರುಗೋಲು ಬಿಟ್ಟು ಈಗ ಬರೀ ಕೈಕೋಲು ಹಿಡಿದು ನಡೆಯುತ್ತಾನೆ. ಪ್ರತಿ ಭಾನುವಾರ ನಾನೇ ಅವನ ಮನೆಗೆ ಹೋಗಿ ಗಡ್ಡ ಮಾಡಿ ಬರುತ್ತೇನೆ, ಇವತ್ತೂ ಹೋಗಿದ್ದೆ. ಮೊದಲ ಸಲ ಕತ್ತಿಯ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನನ್ನು ಗುರುತಿಸಿ ಅವನ ಮುಖ ಬಿಳಿಚಿಕೊಂಡಿತ್ತು. ಈಗ ಹಾಗಿಲ್ಲ. ಇವತ್ತು ತಾನಾಗಿಯೇ "ನಿಮ್ಮ ಹುಡುಗನಿಗೆ ಇನ್ನೆಷ್ಟು ತಿಂಗಳು ಉಳೀತು?" ಎಂದು ಕೇಳಿದ. ಹತ್ತು ಎಂದೆ. "ಹದಿನಾಲ್ಕು ಕಳೀತಲ್ಲ, ಇದೂ ಕಳೆಯತ್ತೆ ಬಿಡಿ" ಎಂದ. ಅವನ ಕೆನ್ನೆಗೆ ಇನ್ನೊಂದು ಸಲ ನೊರೆ ಹಚ್ಚಿದೆ.

ಈಗ ನಿನ್ನ ಮಗಳ ವಿಷಯ. ನೀನು ಅವಳಿಗೆ ಮೆಣಸಿನಕಾಳು ಎಂದು ಹೆಸರಿಟ್ಟದ್ದು ಯಾವ ಗಳಿಗೆಯಲ್ಲೋ ಏನೋ, ದಿನದಿಂದ ದಿನಕ್ಕೆ ಖಾರ ಹೆಚ್ಚುತ್ತಿದೆ. ಎರಡನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಜೋರು. ಮುಂದಿನ ಎರಡು ಹಲ್ಲು ಬಿದ್ದಿವೆ, ಬಾಯಿ ಮಾತ್ರ ನಿಂತಿಲ್ಲ. ಆದರೆ ಅವಳ ಶಾಲೆಯಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ನೀನು ಕೂತು, ಉಸಿರು ಬಿಟ್ಟು, ಸಾವಧಾನವಾಗಿ ಓದು.

ಎಡವಟ್ಟಿನ ಬೇರು ನಿನಗೂ ಗೊತ್ತಿರುವುದೇ. ನಿನಗೆ ಶಿಕ್ಷೆಯಾದ ವಾರ ಅವಳನ್ನು ಅಂಗಡಿಯ ಕುರ್ಚಿಯ ಮೇಲೆ ಹಲಗೆ ಇಟ್ಟು ಕೂರಿಸಿ ಕೂದಲು ಕತ್ತರಿಸುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ "ಅಪ್ಪ ಎಲ್ಲಿ?" ಎಂದಳು. ನಮ್ಮ ಕಸುಬಿನ ಅಭ್ಯಾಸ ನಿನಗೆ ತಿಳಿದೇ ಇದೆ. ಕುರ್ಚಿಯಲ್ಲಿ ಕೂತವರಿಗೆ ಬೇಸರದ ಮಾತು ಹೇಳಬಾರದು. ಬೋಳುತಲೆಯವನಿಗೆ ಕೂದಲು ದಟ್ಟವಾಗಿದೆ ಎನ್ನಬೇಕು, ಮುದುಕನಿಗೆ ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತೀಯ ಎನ್ನಬೇಕು. ಕತ್ತರಿ ಕೈಯಲ್ಲಿತ್ತು, ಬಾಯಿ ತಾನಾಗಿಯೇ "ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದಾನೆ ಕಣೇ" ಎಂದುಬಿಟ್ಟಿತು. ನಿನ್ನ ಹೆಂಡತಿ ಅವತ್ತೇ "ಬೇಡ ಮಾವ, ನಾಳೆ ನಾವೇ ಸಿಕ್ಕಿಹಾಕ್ಕೋತೀವಿ" ಎಂದಿದ್ದಳು. ನೀನು ಮಾತ್ರ "ಹಾಗೇ ಇರ್ಲಿ ಅಪ್ಪಾ, ಅವಳನ್ನ ಇಲ್ಲಿಗೆ ಕರ್ಕೊಂಡು ಬರಬೇಡಿ" ಎಂದೆ. ಬಡಾವಣೆ ಬದಲಾಯಿಸಿದ್ದರಿಂದ ಹೊಸ ಶಾಲೆಯಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ, ಹಡಗು ನಡೆಯಿತು.

ಈ ವರ್ಷ ಅವಳ ಟೀಚರಮ್ಮ ಶಾಲೆಯ ಪಡಸಾಲೆಯ ಗೋಡೆ ತುಂಬ ಪ್ರಪಂಚದ ನಕ್ಷೆ ಬರೆಸಿದ್ದಾರೆ. ಮಕ್ಕಳ ಮನೆಯವರು ಎಲ್ಲಿಂದ ಬಂದವರು, ಈಗ ಯಾರು ಎಲ್ಲಿದ್ದಾರೆ ಎಂದು ಕೇಳಿ, ಶಾಲೆಯಿಂದ ಅಲ್ಲಿಗೊಂದು ಬಣ್ಣದ ದಾರ ಎಳೆದು ಗುಂಡುಸೂಜಿ ಚುಚ್ಚುತ್ತಾರೆ. ಶುಕ್ರವಾರ ಒಬ್ಬರ ಮನೆಯಿಂದ ದೊಡ್ಡವರು ಯಾರಾದರೂ ಬಂದು ತಮ್ಮ ಕಡೆಯದ್ದು ಏನಾದರೂ ಕಲಿಸಬೇಕು. ಒಂದು ಹುಡುಗಿಯ ಅಜ್ಜಿ ತನ್ನ ಭಾಷೆಯಲ್ಲಿ ಹತ್ತರವರೆಗೆ ಎಣಿಸಲು ಕಲಿಸಿದರಂತೆ. ಬಡಗಿಯೊಬ್ಬರು ಮೊಳೆಯಿಲ್ಲದೆ ಎರಡು ಹಲಗೆ ಕೂಡಿಸಿ ತೋರಿಸಿದರಂತೆ. ಎಲ್ಲರ ದಾರವೂ ಒಂದೊಂದು ಊರಿಗೆ ಹೋದರೆ ನಿನ್ನ ಮಗಳ ಕೆಂಪು ದಾರ ನಟ್ಟನಡು ಸಮುದ್ರಕ್ಕೆ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮುಂದಿನ ಸೋಮವಾರ ಅವಳು ಸೂಜಿ ಕಿತ್ತು ಒಂದು ಗೇಣು ಮುಂದೆ ಚುಚ್ಚಿದಳು. "ಹಡಗು ಒಂದೇ ಕಡೆ ನಿಂತಿರತ್ತಾ ಟೀಚರ್?" ಎಂದಳಂತೆ. ಟೀಚರಮ್ಮನಿಗೆ ಅದು ತುಂಬಾ ಇಷ್ಟವಾಯಿತು. ಅಂದಿನಿಂದ ಪ್ರತಿ ಸೋಮವಾರ ನಿನ್ನ ಹಡಗು ಯಾವ ದಡಕ್ಕೆ ಹತ್ತಿರ ಹೋಗುತ್ತದೋ ಆ ವಾರ ಅಲ್ಲಿಯ ಜನರ ಪಾಠ. ಅಲ್ಲಿಯ ಮಕ್ಕಳ ಆಟವೇನು, ಎದುರಿಗೆ ಬಂದವರಿಗೆ ನಮಸ್ಕಾರ ಹೇಗೆ ಹೇಳುತ್ತಾರೆ, ಎಲ್ಲ. ನೀನು ಕಂಬಿಯ ಹಿಂದೆ ಕೂತೇ ಇಪ್ಪತ್ತೆಂಟು ಮಕ್ಕಳಿಗೆ ಹನ್ನೊಂದು ಭಾಷೆಯ ನಮಸ್ಕಾರ ಕಲಿಸಿದ್ದೀಯಪ್ಪಾ! ಮನೆಯಲ್ಲಿ ಅವಳು ಅದನ್ನೆಲ್ಲ ಒಪ್ಪಿಸುವಾಗ ನಿನ್ನ ಹೆಂಡತಿ ತಲೆ ತಗ್ಗಿಸಿಕೊಂಡು ಪಾತ್ರೆ ಉಜ್ಜುತ್ತಿರುತ್ತಾಳೆ. ಉಜ್ಜಿದ್ದನ್ನೇ ಉಜ್ಜುತ್ತಿರುತ್ತಾಳೆ.

ಹೋದ ಶುಕ್ರವಾರ ನನ್ನ ಸರದಿ. ಇಸ್ತ್ರಿ ಅಂಗಿ ಹಾಕಿಕೊಂಡು, ಪೆಟ್ಟಿಗೆ ಹಿಡಿದುಕೊಂಡು, ಮದುಮಗನ ಹಾಗೆ ಹೋದೆ. ನನ್ನ ಗುರುಗಳು ನನಗೆ ಕಲಿಸಿದ್ದನ್ನೇ ತೋರಿಸಿದೆ, ಬಲೂನಿನ ಗಡ್ಡ. ಬಲೂನು ಊದಿ, ಮೇಲೆಲ್ಲ ನೊರೆ ಹಚ್ಚಿ, ಒಡೆಯದಂತೆ ಕತ್ತಿಯಿಂದ ಬೋಳಿಸಬೇಕು. ಟೀಚರಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಕ್ಕಳನ್ನೆಲ್ಲ ಅದರ ಹಿಂದೆ ಕೂರಿಸಿದ್ದರು. ಒಂದು ಮಗುವೂ ಉಸಿರೆತ್ತಲಿಲ್ಲ. ಮುಕ್ಕಾಲು ಬಲೂನು ನುಣ್ಣಗಾಗಿತ್ತು. ಅಷ್ಟರಲ್ಲಿ ಟೀಚರಮ್ಮ ನಗುತ್ತಾ "ತಾತ, ನಮ್ಮ ಮಕ್ಕಳೆಲ್ಲ ನಿಮ್ಮ ಮಗನಿಗೆ ಕಾಗದ ಬರೆದಿದ್ದಾರೆ. ನೀವೇ ಪೋಸ್ಟ್ ಮಾಡಬೇಕು. ಹಡಗಿನ ಹೆಸರೇನು?" ಎಂದರು. ಕೈಯಲ್ಲಿ ಕತ್ತಿ, ಎದುರಿಗೆ ಇಪ್ಪತ್ತೆಂಟು ಮುಖ, ಅದರಲ್ಲೊಂದು ನಿನ್ನ ಮಗಳದ್ದು. ಬೇಸರದ ಮಾತು ಹೇಗೆ ಹೇಳಲಿ? ಎದುರಿಗೆ ಸೋಪಿನ ಡಬ್ಬಿ ಇತ್ತು. ಅದರ ಮೇಲೆ ಬರೆದಿದ್ದ ಹೆಸರನ್ನೇ ಹಡಗಿನ ಹೆಸರೆಂದು ಓದಿಬಿಟ್ಟೆ. ಮರುಗಳಿಗೆಯೇ ಬಲೂನು ಢಮ್ ಎಂದಿತು. ನೊರೆಯೆಲ್ಲ ನನ್ನ ಮುಖಕ್ಕೆ, ಟೀಚರಮ್ಮನ ಕನ್ನಡಕಕ್ಕೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ನಲವತ್ತು ವರ್ಷದಲ್ಲಿ ನನ್ನ ಕೈ ಅಲುಗಿದ್ದು ಅದೇ ಮೊದಲು.

ಆ ಇಪ್ಪತ್ತೆಂಟು ಕಾಗದ ಈಗ ನನ್ನ ಎದುರಿಗಿವೆ, ಎಲ್ಲದರ ಮೇಲೂ ದುಂಡು ಅಕ್ಷರದಲ್ಲಿ ಸೋಪಿನ ಹೆಸರು. ತಿಂಗಳ ಕೊನೆಗೆ ಶಾಲೆಯಲ್ಲಿ ಎಲ್ಲ ಮನೆಯವರನ್ನೂ ಸೇರಿಸುತ್ತಾರಂತೆ, ಅವತ್ತು ನಿನ್ನ ಉತ್ತರ ಓದಬೇಕಂತೆ. ನಿಜ ಹೇಳುತ್ತೇನೆ, ನಿನ್ನೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೇ ನಿನ್ನ ಹೆಸರಿನಲ್ಲಿ ಉತ್ತರ ಬರೆಯಲು ಕೂತೆ. "ಮುದ್ದು ಮಕ್ಕಳೇ, ಇಲ್ಲಿ ಅಲೆಗಳು ಬಹಳ ದೊಡ್ಡವು" ಎಂದು ಶುರು ಮಾಡಿದ್ದೆ. ಏನು ಕೇಳಿದ್ದಾರೋ ನೋಡೋಣ ಎಂದು ಒಂದೊಂದೇ ಕಾಗದ ಬಿಚ್ಚಿದೆ. ತಿಮಿಂಗಿಲ ನೋಡಿದ್ದೀರಾ, ಹಡಗಿನಲ್ಲಿ ಬೆಕ್ಕು ಇದೆಯಾ, ಹಲ್ಲುಜ್ಜಿ ಎಲ್ಲಿ ಉಗುಳುತ್ತೀರಿ, ಇಂಥವೇ. ಕೊನೆಯದು ನಿನ್ನ ಮಗಳದ್ದು. ಅದನ್ನು ಇದ್ದ ಹಾಗೇ ಬರೆಯುತ್ತೇನೆ. "ಅಪ್ಪಾ, ನನ್ನ ಪಕ್ಕ ಕೂರೋ ಹುಡುಗನ ಚಿಕ್ಕಪ್ಪನೂ ಹಡಗಲ್ಲಿದಾರೆ. ಅವರು ಆರು ತಿಂಗಳಿಗೆ ಒಂದ್ಸಲ ಮನೆಗೆ ಬರ್ತಾರಂತೆ. ನೀನು ಬರಲೇ ಇಲ್ಲ. ಫೋನೂ ಮಾಡಲಿಲ್ಲ. ನಾನು ನಿನ್ನ ಕನ್ನಡಕ ಒಡೆದಿದ್ದಕ್ಕಾ? ಅಮ್ಮ ಹೊಸದು ತಂದಿಟ್ಟಿದ್ದಾಳೆ."

ಮಗನೇ, ಅಂಗಡಿಯ ಬಾಗಿಲು ಎಳೆದುಕೊಂಡು ಅದೇ ಕುರ್ಚಿಯಲ್ಲಿ ಕೂತು ಅತ್ತೆ. ಅವಳಿಗೆ ನೋವಾಗಬಾರದು ಎಂದು ಹೇಳಿದ ಸುಳ್ಳಿನೊಳಗೆ ಕೂತು ಆ ಮಗು ಹದಿನಾಲ್ಕು ತಿಂಗಳಿಂದ ತನ್ನದೇ ತಪ್ಪು ಎಂದುಕೊಂಡಿದೆ. ನಿನ್ನ ನಾಚಿಕೆ ನನಗೆ ಅರ್ಥವಾಗುತ್ತದೆ. ನೀನು ಅಂದು ಅವಸರ ಮಾಡಿದ್ದು ತಪ್ಪು, ಅದಕ್ಕೆ ಶಿಕ್ಷೆ ಅನುಭವಿಸುತ್ತಿದ್ದೀಯ. ಆದರೆ ಅವಳಿಗೇಕೆ ಶಿಕ್ಷೆ? ಅವಳಿಗೆ ನಿಜ ಹೇಳಲು ನನಗೆ ಅಪ್ಪಣೆ ಕೊಡು. ಬೇಡ ಎನ್ನಬೇಡ. ಈ ಮುದುಕನ ತಪ್ಪನ್ನೂ ಹೊಟ್ಟೆಗೆ ಹಾಕಿಕೋ. ಉತ್ತರ ಬೇಗ ಬರೆ, ಟಪಾಲು ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಆರೋಗ್ಯ ನೋಡಿಕೋ. ಕೊಟ್ಟದ್ದನ್ನು ಹೊಟ್ಟೆ ತುಂಬ ಉಣ್ಣು. ನಿನ್ನ ಕೋಣೆಯಲ್ಲಿರುವ ಆ ವಯಸ್ಸಾದವರಿಗೆ ನನ್ನ ನೆನಪು ಹೇಳು. ಈ ಕಾಗದವನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಅವರ ಕ್ರಾಪು ಹಿಂದೆ ಎಡಗಡೆ ಸ್ವಲ್ಪ ಏರುಪೇರಾಗಿದೆ, ಒಪ್ಪಿದರೆ ಮುಂದಿನ ಸಲ ಬಂದಾಗ ಸರಿಮಾಡಿ ಕೊಡುತ್ತೇನೆ. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲೇ ಎಲ್ಲ ತಲೆಕೆಳಗಾಯಿತು. ಮೆಣಸಿನಕಾಳು ಮೇಜಿನ ಮೇಲೆ ತನ್ನ ಕಾಗದ ಬಿಚ್ಚಿದ್ದು ನೋಡಿ "ಇದ್ಯಾಕೆ ಇನ್ನೂ ಪೋಸ್ಟ್ ಮಾಡಿಲ್ಲ?" ಎಂದು ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಕೈಯಲ್ಲಿ ಕತ್ತರಿ ಇರಲಿಲ್ಲ, ಪೆನ್ನಿತ್ತು. ಹೇಳಿಬಿಟ್ಟೆ. ನಿನ್ನ ಅಪ್ಪಣೆಗೆ ಕಾಯಲಿಲ್ಲ. ಲಾರಿ, ಸೈಕಲ್ಲು, ಜೈಲು, ಎಲ್ಲ. ಕನ್ನಡಕದ ತಪ್ಪಲ್ಲ ಎಂದು ಮೂರು ಸಲ ಹೇಳಿದೆ. ನಿನ್ನ ಹೆಂಡತಿ ಬಂದು ಅವಳನ್ನು ತಬ್ಬಿ ಕೂತಳು. ಮೆಣಸಿನಕಾಳು ಜೈಲು ಎಷ್ಟು ದೂರ ಎಂದು ಕೇಳಿದಳು. ಬಸ್ಸಿನಲ್ಲಿ ಎರಡು ಗಂಟೆ ಎಂದೆ. "ಇಷ್ಟು ಹತ್ತಿರಾನಾ?" ಎಂದು ಕಿರುಚಿದಳು. ಆಮೇಲೆ ಅತ್ತಳು. ಆಮೇಲೆ, ಸುಳ್ಳು ಹೇಳಿದವರು ಮೂಲೆಯಲ್ಲಿ ನಿಲ್ಲಬೇಕು ಎಂದು ನನ್ನನ್ನು ಹತ್ತು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಅಲ್ಲಿಂದ ಬಿಡುಗಡೆಯಾಗಿ ಇದನ್ನು ಗೀಚುತ್ತಿದ್ದೇನೆ. ನಾಳೆ ತಾನೇ ಟೀಚರಮ್ಮನಿಗೆ ಹೇಳಿ ಸೂಜಿ ಕಿತ್ತು ಸರಿಯಾದ ಜಾಗಕ್ಕೆ ಚುಚ್ಚುತ್ತಾಳಂತೆ, ದಾರ ಬೆರಳುದ್ದ ಸಾಕಂತೆ. ಶನಿವಾರ ಹನ್ನೊಂದಕ್ಕೆ ಮೂವರೂ ಬರುತ್ತೇವೆ, ಹೊಸ ಕನ್ನಡಕ ತರುತ್ತೇವೆ. ಹನ್ನೊಂದು ಭಾಷೆಯಲ್ಲಿ ನಮಸ್ಕಾರ ಹೇಳುತ್ತಾಳೆ, ನಡುವೆ ತಡೆಯಬೇಡ. ಆ ಗಡ್ಡ ತೆಗೆಸಿಕೊಂಡಿರು, ಮಗನೇ, ಅವಳಿಗೆ ನೆನಪಿರುವುದು ಗಡ್ಡವಿಲ್ಲದ ಅಪ್ಪ.