ಮೇಜು ಬಿಟ್ಟು ಬಾರದ ದನಿ

ಮನೆಯಿಂದ,
ಸೋಮವಾರ ಸಂಜೆ

ಪ್ರೀತಿಯ ಪುಟ್ಟೀ,

ಕಣ್ಣಿನ ಉರಿ ಕಡಿಮೆಯಾಯಿತೆ? ಹಾಸ್ಟೆಲ್ಲಿನ ಮಂದ ಬೆಳಕಿನಲ್ಲಿ ಪರದೆ ನೋಡುತ್ತ ಕೂರಬೇಡವೆಂದು ಎಷ್ಟು ಹೇಳಿದರೂ ನಿನ್ನದು ಅಮ್ಮನದೇ ಹಟ. ಫೋನಿಗೆ ನೀನು ಸಿಗದಿದ್ದರಿಂದ ಈ ಕಾಗದ.

ದನಿಯನ್ನೇ ಕಸಿದ ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ನಿನ್ನ ಅಮ್ಮನ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ನೀನು ಕಟ್ಟಿದ ಪ್ಲಗಿನ್, ಟೈಪಿಸುವ ತಂತ್ರಾಂಶಕ್ಕೆ ಅಂಟಿಸಿದ ಆ ಪುಟ್ಟ ಸೇರ್ಪಡೆ, ಅವಳು ಟೈಪಿಸಿದ್ದನ್ನೆಲ್ಲ ನಿನ್ನ ಹಳೆಯ ಕಂಪ್ಯೂಟರಿನಲ್ಲಿ ಈಗಲೂ ಅವಳ ದನಿಯಲ್ಲೇ ನುಡಿಯುತ್ತಿದೆ. ಅದರಿಂದಲೇ "ಇದು ನನ್ನ ದನಿಯಲ್ಲ" ಎಂದು ಹೇಳಿಸಿ, ನೀನು ಮುನಿದು ಮನೆಬಿಡುವಂತೆ ಮಾಡಿದ ನನ್ನ ಅಕ್ಕ, ನಿನ್ನಮ್ಮ, ಇಂದು ನನ್ನನ್ನು ಬೈಯಲೂ ಅದನ್ನೇ ನೆಚ್ಚಿದ್ದಾಳೆ. ಆದರೆ ತಂತಿಗಳೆಲ್ಲ ಸಡಿಲವಾದ ಆ ಕಂಪ್ಯೂಟರನ್ನು ಮೇಜಿನಿಂದ ಎತ್ತಿದರೆ ಆರಿಹೋಗುತ್ತದೆ. ನಾನು ಹಾಲು ಉಕ್ಕಿಸಿದರೆ ಅವಳು ಅಡುಗೆಮನೆಯಿಂದ ಕೋಣೆಗೆ ನಡೆದು, ಟೈಪಿಸಿ, ಆಮೇಲೆ "ಕಣ್ಣೆಲ್ಲಿ ಇಟ್ಟಿದ್ದೆಯೋ" ಎನ್ನಬೇಕು. ಅಷ್ಟರಲ್ಲಿ ಹಾಲೂ ತಣ್ಣಗಾಗಿರುತ್ತದೆ, ಕೋಪವೂ.

ಅದಕ್ಕೇ ಹೊಸ ಲ್ಯಾಪ್‌ಟಾಪ್ ತಂದೆ. ಪ್ಲಗಿನ್ ಹಾಕಿದರೆ ಸೊಲ್ಲೇ ಇಲ್ಲ. ದನಿ ಹೊರಡಿಸುವ ಕೋಡಿನ ಕಟ್ಟನ್ನು, ಆ ಲೈಬ್ರರಿಯನ್ನು, ನೀನು ಅಚ್ಚುಕಟ್ಟಾಗಿ ಪ್ಲಗಿನ್ನಿನ ಒಳಗೇ ಇಟ್ಟಿದ್ದೀಯೆ. ಅದನ್ನು ಹುಡುಕುವ ದಾರಿ ಮಾತ್ರ ಹಳೆಯ ಕಂಪ್ಯೂಟರಿನ ನಿನ್ನ ಫೋಲ್ಡರನ್ನೇ ತೋರಿಸುತ್ತದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ. ನಿನಗೆ ಮೊದಲ ಪ್ರೋಗ್ರಾಂ ಬರೆಸಿದವನೆಂಬ ಹಮ್ಮಿನಿಂದ ಕೈಹಾಕಿದೆ. ಮೊದಲು ನಾನು ಬರೆದ ದಾರಿ ಹಿಡಿದು ಪ್ಲಗಿನ್ ತನ್ನ ಒಳಗೆ ನೋಡದೆ, ತನಗೆ ಆಶ್ರಯವಿತ್ತ ತಂತ್ರಾಂಶದ ಒಳಗೆ ತಡಕಾಡಿತು. "ನೀನಿರುವ ಜಾಗದಿಂದಲೇ ಹುಡುಕು" ಎಂದು ಅದಕ್ಕೆ ಹೇಳುವಂತೆ ತಿದ್ದಿದೆ, ದಾರಿ ಸರಿಹೋಯಿತು. ಆದರೆ ಒಳಗೆ ಕೈಯಾಡಿಸಿದ್ದಕ್ಕೆ, ಇದನ್ನು ಬೇರೆ ಯಾರೂ ತಿದ್ದಿಲ್ಲವೆಂದು ಸಾರುವ ನಿನ್ನ ಡಿಜಿಟಲ್ ಸಹಿ ಮುರಿದು, ಈಗ ಲ್ಯಾಪ್‌ಟಾಪು ಪ್ಲಗಿನ್ನನ್ನು ಬಾಗಿಲಲ್ಲೇ ತಡೆಯುತ್ತಿದೆ. ಹೊಸದಾಗಿ ಸಹಿ ಹಾಕಲು ನಿನ್ನ ಪಾಸ್‌ವರ್ಡ್ ಬೇಕು. ಬಲ್ಲವನೆನಿಸಿಕೊಂಡೂ ಕೈಕಟ್ಟಿ ಕುಳಿತಿದ್ದೇನೆ ಮಗಳೇ. ಅದೊಂದನ್ನು ಬರೆದು ಕಳಿಸಿದರೆ ಸಾಕು. ಈ ತಪ್ಪಿಗೆ ಎದೆಗುಂದಬೇಡ. ಕಟ್ಟಿದ ಯಂತ್ರದಲ್ಲೇ ಪರೀಕ್ಷಿಸಿ ಗೆದ್ದೆನೆಂದು ಬೀಗದವರು ನಮ್ಮ ಕಸುಬಿನಲ್ಲಿ ಯಾರಿದ್ದಾರೆ? ನಿನ್ನಿಂದ ಇನ್ನೂ ದೊಡ್ಡ ಕೆಲಸಗಳಾಗಲಿವೆ, ನನಗದು ಖಾತ್ರಿ.

ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸವೆಲ್ಲ ನಿನ್ನ ಕೈಗೆ ಮಣಿಯಲಿ.

ನಿನ್ನ ಸೋದರಮಾವ

ತಾ.ಕ.: ಬರೆಯಕೂಡದೆಂದು ಅಕ್ಕ ಆಣೆ ಹಾಕಿಸಿದ್ದಾಳೆ, ಆದರೂ ಬರೆಯುತ್ತಿದ್ದೇನೆ. ಅವಳ ಗಂಟಲಿನ ಗಡ್ಡೆ ಮರಳಿದೆ, ಮುಂದಿನ ವಾರ ಮತ್ತೆ ಶಸ್ತ್ರಚಿಕಿತ್ಸೆ. ಆಸ್ಪತ್ರೆಯ ಮಂಚದ ಬಳಿಗೆ ಆ ಮೇಜನ್ನು ಹೊರಲಾಗದು. ಒಂದು ಮಾತೂ ಆಡಲಾಗದೆ ಒಳಗೆ ಹೋಗಲು ಅವಳಿಗೆ ಭಯ. ಪಾಸ್‌ವರ್ಡ್ ಕಳಿಸಬೇಡ, ನೀನೇ ಬಾ.